ಕರೆಂಟ್ ಹೋದ ಚಳಿರಾತ್ರಿಗೆ ಚಿಮಣಿ ಇಲ್ಲದ ಪ್ರೊಪೇನ್ ಅಗ್ಗಿಷ್ಟಿಕೆ: ಅಳವಡಿಸುವುದು ಹೇಗೆ?

2021ರ ಫೆಬ್ರುವರಿ 15ರ ನಸುಕಿನಲ್ಲಿ ಟೆಕ್ಸಾಸ್‌ನ ಲಕ್ಷಾಂತರ ಮನೆಗಳಲ್ಲಿ ಕರೆಂಟ್ ಹೋಯಿತು. ಆಸ್ಟಿನ್ ಆಚೆ ಗುಡ್ಡದ ಕಡೆ ಇರುವ ನಮ್ಮ ಮನೆಯಲ್ಲೂ ಹೋಯಿತು. ಎರಡನೇ ದಿನ ಸಂಜೆ ಹಾಲ್‌ನಲ್ಲಿ 7 ಡಿಗ್ರಿ ಸೆಲ್ಸಿಯಸ್. ಜೊತೆಗಿದ್ದ ಅಮ್ಮ ಎರಡು ಸ್ವೆಟರ್ ಮೇಲೆ ಕಂಬಳಿ ಸುತ್ತಿಕೊಂಡು, "ಬಚ್ಚಲೊಲೆ ಒಂದಿದ್ದಿದ್ರೆ ಸಾಕಿತ್ತು ಕಣೋ, ಮುಂದೆ ಕೂತು ಮೈ ಕಾಯಿಸ್ಕೋಬಹುದಿತ್ತು" ಅಂದರು. ಹಿತ್ತಲಿನಲ್ಲಿ ಪ್ರೊಪೇನ್ ಟ್ಯಾಂಕ್ ಅರ್ಧಕ್ಕಿಂತ ಜಾಸ್ತಿ ತುಂಬಿತ್ತು. ಆದರೆ ಫರ್ನೇಸ್‌ನ ಬಿಸಿಗಾಳಿ ತಳ್ಳುವ ಫ್ಯಾನ್‌ಗೆ ಕರೆಂಟ್ ಬೇಕಲ್ವಾ? ಗ್ಯಾಸ್ ಇದ್ದೂ ಮನೆ ತಣ್ಣಗಿತ್ತು.

ಆ ಚಳಿಗಾಳಿಯಲ್ಲಿ ಸತ್ತವರು 246 ಮಂದಿ ಎಂದು ರಾಜ್ಯ ಸರ್ಕಾರ ಲೆಕ್ಕ ಕೊಟ್ಟಿತು. ಹೆಚ್ಚಿನವರು ಚಳಿಗೇ ಬಲಿಯಾದರು. ಇದ್ದಿಲು ಒಲೆಯನ್ನು ಮನೆಯೊಳಗೆ ತಂದೋ, ಗ್ಯಾರೇಜ್‌ನಲ್ಲಿ ಕಾರು ಚಾಲೂ ಇಟ್ಟೋ ಕಾರ್ಬನ್ ಮಾನಾಕ್ಸೈಡ್ ಎಂಬ ವಾಸನೆಯಿಲ್ಲದ ವಿಷಾನಿಲಕ್ಕೆ ಸಿಕ್ಕಿದವರೂ ಇದ್ದರು. ಆ ವರ್ಷವೇ ನಾವು ಚಿಮಣಿ ಇಲ್ಲದ ಪ್ರೊಪೇನ್ ಅಗ್ಗಿಷ್ಟಿಕೆ ಹಾಕಿಸಿದೆವು. ಅಮೆರಿಕದಲ್ಲಿರುವ ಕನ್ನಡದ ಗೆಳೆಯರು ಈಗಲೂ ಅದರ ಬಗ್ಗೆ ಕೇಳುತ್ತಿರುತ್ತಾರೆ. ಅವರಿಗಾಗಿ ಈ ಬರಹ.

ಇದು ಕೆಲಸ ಮಾಡುವ ಬಗೆ

ಇದಕ್ಕೆ ಹೊಗೆಗೂಡು ಇಲ್ಲ. ಕೋಣೆಯ ಗಾಳಿಯನ್ನೇ ಎಳೆದುಕೊಂಡು ಉರಿಯುತ್ತದೆ, ಉರಿದದ್ದನ್ನು ಕೋಣೆಗೇ ಬಿಡುತ್ತದೆ. ಹಾಗಾಗಿ ಶಾಖ ಸ್ವಲ್ಪವೂ ಹೊರಗೆ ಹೋಗುವುದಿಲ್ಲ. ಅದೇ ಅದರ ಗುಣ, ಅದೇ ಅದರ ಅಪಾಯ. ಒಳಗೆ ಓಡಿಎಸ್ ಅನ್ನುವ ಪುಟ್ಟ ಸಾಧನ ಇರುತ್ತದೆ. ಕೋಣೆಯ ಆಮ್ಲಜನಕ ಮಾಮೂಲಿ 21 ಶೇಕಡಾದಿಂದ ಸುಮಾರು 18ಕ್ಕೆ ಇಳಿದರೆ ಗ್ಯಾಸ್ ನಿಲ್ಲಿಸುತ್ತದೆ. ಇದು ಕಾರ್ಬನ್ ಮಾನಾಕ್ಸೈಡ್ ಅಳೆಯುವುದಿಲ್ಲ, ನೆನಪಿರಲಿ. ಅದಕ್ಕೆ ಬೇರೆ ಅಲಾರಂ ಬೇಕೇ ಬೇಕು.

ನೀರಾವಿಯೂ ಬರುತ್ತದೆ. ಒಂದು ಗ್ಯಾಲನ್ ಪ್ರೊಪೇನ್ ಉರಿದರೆ ಸುಮಾರು 3 ಲೀಟರ್ ನೀರು ಆವಿಯಾಗಿ ಕೋಣೆಗೆ ಸೇರುತ್ತದೆ. ಗಂಟೆಗಟ್ಟಲೆ ಉರಿಸಿದರೆ ಕಿಟಕಿ ಗಾಜು ಬೆವರುತ್ತದೆ, ಮೂಲೆಯಲ್ಲಿ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಇದು ಕಷ್ಟಕಾಲಕ್ಕೆ ಮಾತ್ರ. ಮನೆಗೆ ಇದೊಂದೇ ಹೀಟರ್ ಆಗಿರಬಾರದು ಅಂತ ಅಮೆರಿಕದ ಗ್ಯಾಸ್ ನಿಯಮಾವಳಿಯೂ ಹೇಳುತ್ತದೆ.

ಮನೆಯಲ್ಲಿ ಆಸ್ತಮಾ ಇರುವವರು ಅಥವಾ ಎಳೆ ಕೂಸು ಇದ್ದರೆ ಇದು ಬೇಡ ಅಂತಲೇ ನಾನು ಹೇಳುವುದು. ಗೋಡೆಯಿಂದ ಪೈಪ್ ಹೊರಗೆ ಹಾಕುವ ಡೈರೆಕ್ಟ್ ವೆಂಟ್ ಹೀಟರ್ ತಗೊಳ್ಳಿ. ದುಡ್ಡು ಜಾಸ್ತಿ, ಆದರೆ ಕೋಣೆಯ ಗಾಳಿ ಕೆಡುವುದಿಲ್ಲ. ಸ್ಪ್ರೇ ಫೋಮ್ ತುಂಬಿ ಗಾಳಿ ನುಸುಳದಂತೆ ಕಟ್ಟಿದ ಹೊಸ ಮನೆಗೂ ಇದೇ ಮಾತು.

ಕೊಳ್ಳುವ ಮೊದಲು

ಮೊದಲು ನಿಮ್ಮ ಊರಿನ ಪರ್ಮಿಟ್ ಕಚೇರಿಗೆ ಫೋನ್ ಮಾಡಿ. ಕ್ಯಾಲಿಫೋರ್ನಿಯಾದಲ್ಲಿ ಮನೆಯೊಳಗೆ ಇಂಥ ಹೀಟರ್‌ಗೆ ಅನುಮತಿಯೇ ಇಲ್ಲ. ಟೆಕ್ಸಾಸ್‌ನಲ್ಲಿ ಇದೆ, ಆದರೆ ಊರಿಗೊಂದು ಷರತ್ತು ಇರಬಹುದು. ಬಡಾವಣೆಯ ಸಂಘವಿದ್ದರೆ ಟ್ಯಾಂಕ್ ಇಡಲು ಅವರ ಒಪ್ಪಿಗೆಯೂ ಬೇಕಾಗಬಹುದು.

ಆಮೇಲೆ ಟೇಪ್ ಹಿಡಿದು ಕೋಣೆ ಅಳೆಯಿರಿ. ಲೆಕ್ಕ ಸುಲಭ. ಹೀಟರ್ ಗಂಟೆಗೆ ಕೊಡುವ ಶಾಖವನ್ನು ಬಿಟಿಯು ಎಂಬ ಅಳತೆಯಲ್ಲಿ ಹೇಳುತ್ತಾರೆ. ಪ್ರತಿ 1,000 ಬಿಟಿಯುಗೆ ಕನಿಷ್ಠ 50 ಘನ ಅಡಿ ಗಾಳಿ ಬೇಕು. ನಮ್ಮ ಹಾಲ್ 14 ಅಡಿ ಉದ್ದ, 12 ಅಡಿ ಅಗಲ, 9 ಅಡಿ ಎತ್ತರ. ಗುಣಿಸಿದರೆ 1,512 ಘನ ಅಡಿ. ಅದನ್ನು 50ರಿಂದ ಭಾಗಿಸಿದರೆ 30. ಅಂದರೆ 30,000 ಬಿಟಿಯು ದಾಟುವಂತಿಲ್ಲ. ನಾವು 20,000ದ್ದು ತಂದೆವು, ಅದೇ ಧಾರಾಳ. ಬಾಗಿಲಿಲ್ಲದೆ ಹಾಲ್‌ಗೆ ಸೇರಿಕೊಂಡ ಊಟದ ಕೋಣೆ ಇದ್ದರೆ ಅದನ್ನೂ ಲೆಕ್ಕಕ್ಕೆ ಸೇರಿಸಬಹುದು. ಬಾಗಿಲು ಇದ್ದರೆ ಬೇಡ. "ದೊಡ್ಡದು ತಂದ್ರೆ ಬೇಗ ಬೆಚ್ಚಗಾಗುತ್ತೆ" ಅಂತ ಅಂಗಡಿಯವರು ಹೇಳಿದರೆ ಕೇಳಬೇಡಿ. ಮಲಗುವ ಕೋಣೆಗೆ ಅನುಮತಿ ಇರುವ ಕಡೆಯೂ ಗೋಡೆಗೆ ಕೂರಿಸಿದ 10,000 ಬಿಟಿಯು ಒಳಗಿನದಷ್ಟೇ ಸಲ್ಲುತ್ತದೆ.

ಡಬ್ಬದ ಮೇಲೆ ಮೂರು ವಿಷಯ ನೋಡಿ. ಇದು ಪ್ರೊಪೇನ್‌ಗೇ ಮಾಡಿದ್ದಾ? ನ್ಯಾಚುರಲ್ ಗ್ಯಾಸ್ ಹೀಟರ್‌ನಲ್ಲಿ ಗ್ಯಾಸ್ ಬರುವ ತೂತು ದೊಡ್ಡದು, ಅದಕ್ಕೆ ಪ್ರೊಪೇನ್ ಕೊಟ್ಟರೆ ಬೆಂಕಿ ಉಕ್ಕುತ್ತದೆ. ವೆಂಟ್ ಇಲ್ಲದೆ ಬಳಸಲು ಪ್ರಮಾಣೀಕರಿಸಿದ್ದಾ? ಅಲಂಕಾರದ ಕೃತಕ ಕೊರಡುಗಳ ಹಲವು ಸೆಟ್‌ಗಳು ಚಿಮಣಿ ತೆರೆದಿಟ್ಟೇ ಉರಿಸಬೇಕಾದವು. ಮೂರನೆಯದು, ಕರೆಂಟ್ ಇಲ್ಲದೆ ಹತ್ತುತ್ತದಾ? ಹೀಟರ್ ಹತ್ತಿಸಲು ಉರಿಯುವ ಪುಟ್ಟ ಪೈಲಟ್ ಜ್ವಾಲೆಯ ಬಿಸಿಯಿಂದಲೇ ತನಗೆ ಬೇಕಾದ ಚೂರು ವಿದ್ಯುತ್ ಮಾಡಿಕೊಳ್ಳುವ ಮಾದರಿ ಬೇಕು. ಇದಿಲ್ಲದಿದ್ದರೆ ಕೊಂಡೂ ವ್ಯರ್ಥ.

ಟ್ಯಾಂಕ್ ಮತ್ತು ಪೈಪ್

ಭಾರತದ ಅಡುಗೆ ಸಿಲಿಂಡರ್‌ನಲ್ಲಿ ಬ್ಯೂಟೇನ್ ಕೂಡ ಬೆರೆತಿರುತ್ತದೆ. ಸೊನ್ನೆ ಡಿಗ್ರಿ ಹತ್ತಿರ ಬ್ಯೂಟೇನ್ ಅನಿಲವಾಗುವುದೇ ಇಲ್ಲ. ಪ್ರೊಪೇನ್ ಮೈನಸ್ 42 ಡಿಗ್ರಿಯಲ್ಲೇ ಕುದಿಯುತ್ತದೆ, ಅದಕ್ಕೇ ಚಳಿದೇಶಕ್ಕೆ ಅದು. ಒಂದು ಗ್ಯಾಲನ್‌ನಲ್ಲಿ ಸುಮಾರು 91,500 ಬಿಟಿಯು ಇರುತ್ತದೆ. 20,000ದ ಹೀಟರನ್ನು ಪೂರ್ತಿ ಉರಿಯಲ್ಲಿ ನಾಲ್ಕೂವರೆ ಗಂಟೆ ಉರಿಸಬಹುದು. 100 ಪೌಂಡ್ ಸಿಲಿಂಡರ್‌ನಲ್ಲಿ ಸುಮಾರು 23 ಗ್ಯಾಲನ್ ಹಿಡಿಯುತ್ತದೆ, ನಾಲ್ಕು ದಿನಕ್ಕೂ ಮೇಲೆ ಬರುತ್ತದೆ. ಬಾರ್ಬೆಕ್ಯೂಗೆ ಇಡುವ 20 ಪೌಂಡ್‌ನ ಸಣ್ಣ ಸಿಲಿಂಡರ್ ನಂಬಬೇಡಿ. ಕೊರೆಯುವ ಚಳಿಯಲ್ಲಿ ಅದರ ಮೈಮೇಲೆ ಹಿಮ ಕಟ್ಟಿ ಒತ್ತಡ ಬಿದ್ದುಹೋಗುತ್ತದೆ. ಸಿಲಿಂಡರ್ ಯಾವುದೇ ಇರಲಿ, ಇರಬೇಕಾದ್ದು ಹೊರಗೆ. ಮನೆಯೊಳಗೂ ಅಲ್ಲ, ಗ್ಯಾರೇಜ್‌ನಲ್ಲೂ ಅಲ್ಲ. 500 ಗ್ಯಾಲನ್ ಟ್ಯಾಂಕ್ ಆದರೆ ಗೋಡೆಯಿಂದ ಕನಿಷ್ಠ 10 ಅಡಿ ದೂರ.

ಪೈಪ್ ಕೆಲಸ ನೀವೇ ಮಾಡಲು ಹೋಗಬೇಡಿ. ಟೆಕ್ಸಾಸ್‌ನಲ್ಲಿ ಎಲ್‌ಪಿ ಗ್ಯಾಸ್ ಕೆಲಸಕ್ಕೆ ಲೈಸೆನ್ಸ್ ಕೊಡುವುದು ರೈಲ್‌ರೋಡ್ ಕಮಿಷನ್. ಹೆಸರು ರೈಲಿನದು, ಕೆಲಸ ಎಣ್ಣೆ ಮತ್ತು ಗ್ಯಾಸಿನದು. ಆ ಲೈಸೆನ್ಸ್ ಇರುವವರನ್ನೇ ಕರೆಸಿ, ಪಕ್ಕದಲ್ಲಿ ನಿಂತು ನೋಡಿ. ಟ್ಯಾಂಕ್ ಬಳಿ ಒಂದು ರೆಗ್ಯುಲೇಟರ್ ಒತ್ತಡವನ್ನು ಸುಮಾರು 10 ಪಿಎಸ್‌ಐಗೆ (ಚದರ ಇಂಚಿಗೆ 10 ಪೌಂಡ್) ಇಳಿಸುತ್ತದೆ. ಗೋಡೆಯ ಬಳಿ ಇನ್ನೊಂದು ಅದನ್ನು 11 ಇಂಚು ಎತ್ತರದ ನೀರು ಕೊಡುವಷ್ಟು ಕಡಿಮೆ ಒತ್ತಡಕ್ಕೆ ತರುತ್ತದೆ. ಹೀಟರ್‌ನಿಂದ 6 ಅಡಿಯೊಳಗೆ, ಕೈಗೆ ಸಿಗುವ ಹಾಗೆ ಬಂದ್ ಮಾಡುವ ವಾಲ್ವ್ ಇರಬೇಕು. ಕಸ ಕೂರಲು ಕೆಳಮುಖದ ತುಂಡು ಪೈಪ್ ಹಾಕಿದ್ದಾರಾ ನೋಡಿ. ಬಗ್ಗುವ ಕನೆಕ್ಟರ್ ಗೋಡೆಯ ಒಳಗಿಂದ ಹಾದು ಹೋಗಬಾರದು.

ಸೋರಿಕೆ ಪರೀಕ್ಷೆಯನ್ನು ಮಾತ್ರ ಕಣ್ಣಾರೆ ನೋಡಿ. ಪಾತ್ರೆ ತೊಳೆಯುವ ಸೋಪಿಗೆ ನೀರು ಬೆರೆಸಿ ಪೈಪ್ ಸೇರುವ ಪ್ರತಿ ಕೀಲಿಗೂ ಬ್ರಷ್‌ನಲ್ಲಿ ಬಳಿಯುತ್ತಾರೆ. ನಮ್ಮಲ್ಲಿ ಒಂದು ಕೀಲಿನಲ್ಲಿ ಮೊದಲು ಏನೂ ಕಾಣಲಿಲ್ಲ. ಅರ್ಧ ನಿಮಿಷ ಬಿಟ್ಟು ಸಾಸಿವೆ ಕಾಳಿನಷ್ಟು ಗುಳ್ಳೆ ಒಂದು ಮೂಡಿತು, ಪಕ್ಕದಲ್ಲಿ ಇನ್ನೊಂದು, ಆಮೇಲೆ ನೊರೆಯ ಸಣ್ಣ ಗೊಂಚಲೇ ಆಯಿತು. ಕೆಲಸಗಾರರು ಮರಳಿ ಬಿಚ್ಚಿ ಬಿಗಿ ಮಾಡಿದರು. ಅವಸರದಲ್ಲಿ ಒಮ್ಮೆ ಕಣ್ಣು ಹಾಯಿಸಿ ಮುಗಿಸಿದ್ದರೆ ಅದು ತಪ್ಪಿಹೋಗುತ್ತಿತ್ತು.

ಕೂರಿಸಿ ಹಚ್ಚುವುದು

ಗೋಡೆ, ನೆಲ, ಮೇಲಿನ ಮರದ ಹಲಗೆ, ಪರದೆ, ಎಲ್ಲಕ್ಕೂ ಎಷ್ಟು ದೂರ ಅಂತ ಕೈಪಿಡಿಯಲ್ಲಿ ಇಂಚು ಲೆಕ್ಕದಲ್ಲಿ ಕೊಟ್ಟಿರುತ್ತಾರೆ. ಅದನ್ನು ಒಂದಿಂಚೂ ಕಡಿಮೆ ಮಾಡಬೇಡಿ. ಮೇಲೆ ಟಿವಿ ತೂಗುಹಾಕುವ ಆಸೆ ಬಿಡಿ. ಕೃತಕ ಕೊರಡುಗಳಿದ್ದರೆ ಚಿತ್ರದಲ್ಲಿರುವ ಹಾಗೇ ಜೋಡಿಸಬೇಕು. ಚಂದ ಕಾಣಲಿ ಅಂತ ಸರಿಸಿದರೆ ಜ್ವಾಲೆ ತಣ್ಣನೆಯ ಕೊರಡಿಗೆ ಬಡಿದು ಮಸಿಯೂ ಕಾರ್ಬನ್ ಮಾನಾಕ್ಸೈಡೂ ಹುಟ್ಟುತ್ತವೆ.

ಹಚ್ಚುವಾಗ ನಾಬ್ ಒತ್ತಿ ಹಿಡಿದು ಪೈಲಟ್‌ಗೆ ಕಿಡಿ ಕೊಡಿ. ಹತ್ತಿದ ಮೇಲೂ ಅರ್ಧ ನಿಮಿಷ ನಾಬ್ ಬಿಡಬೇಡಿ. ಮೊದಲ ಸಲ ಪೈಪಿನಲ್ಲಿ ಗಾಳಿ ಇರುವುದರಿಂದ ಕೆಲವು ನಿಮಿಷ ಹಿಡಿಯಬಹುದು. ಆಮೇಲೆ ಒಂದೆರಡು ಗಂಟೆ ಬಣ್ಣ ಸುಟ್ಟ ವಾಸನೆ ಬರುತ್ತದೆ, ಕಿಟಕಿ ತೆರೆದಿಡಿ. ಪೈಲಟ್ ಜ್ವಾಲೆ ನೀಲಿಯಾಗಿರಬೇಕು. ಹಳದಿಗೆ ತಿರುಗಿದರೆ, ಎಲ್ಲಾದರೂ ಮಸಿ ಕಂಡರೆ, ಆರಿಸಿ.

ನಮ್ಮ ಮನೆಗಳಿಗೆ ಒಂದು ವಿಶೇಷ ಮಾತು. ಹೀಟರ್ ಕೋಣೆಯ ಗಾಳಿಯನ್ನೇ ಉರಿಸುತ್ತದೆ ಅಂದೆನಲ್ಲ. ಊದುಬತ್ತಿ ಹೊಗೆ, ಕರ್ಪೂರ, ಒಗ್ಗರಣೆಯ ಎಣ್ಣೆ ಆವಿ, ಎಲ್ಲವೂ ಅದರೊಳಗೆ ಹೋಗುತ್ತದೆ. ಗಾಟು ವಾಸನೆ ಬರುತ್ತದೆ, ಪೈಲಟ್‌ನ ಸಣ್ಣ ತೂತಿಗೆ ಮಸಿ ಕಟ್ಟುತ್ತದೆ. ಅಮ್ಮನ ದೇವರಗೂಡು ನಮ್ಮ ಹಾಲ್‌ನಲ್ಲೇ ಇತ್ತು. ಅವರೇ ಅದನ್ನು ಒಳಕೋಣೆಗೆ ಸಾಗಿಸಿದರು.

ಉರಿಯುವಾಗ ಒಂದು ಕಿಟಕಿ ಎರಡು ಬೆರಳಿನಷ್ಟು ತೆರೆದಿರಲಿ. ಚಳಿ ಒಳಬರುತ್ತದೆ ಅನ್ನಿಸಿದರೂ ಮುಚ್ಚಬೇಡಿ. ಮಲಗುವ ಮುಂಚೆ ಆರಿಸಿ. ಮಲಗುವ ಕೋಣೆಗಳ ಹತ್ತಿರ, ಪ್ರತಿ ಮಹಡಿಯಲ್ಲೂ ಬ್ಯಾಟರಿಯ ಕಾರ್ಬನ್ ಮಾನಾಕ್ಸೈಡ್ ಅಲಾರಂ ಹಾಕಿ. ಪ್ರೊಪೇನ್ ಗಾಳಿಗಿಂತ ಭಾರ, ಸೋರಿದರೆ ನೆಲಕ್ಕೆ ಇಳಿಯುತ್ತದೆ. ಅದರ ಅಲಾರಂ ನೆಲದ ಹತ್ತಿರ ಇರಲಿ. ಮನೆಯವರಿಗೆಲ್ಲ ಒಟ್ಟಿಗೆ ತಲೆನೋವು, ವಾಕರಿಕೆ ಬಂದರೆ ಕಾರಣ ಹುಡುಕುತ್ತಾ ಕೂರದೆ ಎಲ್ಲರೂ ಹೊರಗೆ ಹೋಗಿ 911ಕ್ಕೆ ಫೋನ್ ಮಾಡಿ.

ವರ್ಷಕ್ಕೊಮ್ಮೆ ಅಕ್ಟೋಬರ್‌ನಲ್ಲಿ ಬರ್ನರ್ ಮತ್ತು ಪೈಲಟ್‌ನ ಧೂಳು ತೆಗೆಸಿ. ಆಮೇಲೆ ಮೇನ್ ಬ್ರೇಕರ್ ಆಫ್ ಮಾಡಿ, ಕತ್ತಲಲ್ಲಿ, ಟಾರ್ಚ್ ಹಿಡಿದು ಒಮ್ಮೆ ಹಚ್ಚಿ ನೋಡಿ. ನಾವು ಮೊದಲ ಸಲ ಹಾಗೆ ಮಾಡಿದಾಗ ರಿಮೋಟ್‌ನ ಸೆಲ್ ಸತ್ತಿತ್ತು. ಈಗ ಹೊಸ ಸೆಲ್ ಎರಡು ಜೊತೆ, ಟಾರ್ಚ್, ಕೈಪಿಡಿ ಮೂರೂ ಹೀಟರ್ ಪಕ್ಕದ ಡ್ರಾಯರ್‌ನಲ್ಲೇ ಇರುತ್ತವೆ.