ಸೀರೆಯ ಫೋಟೊ ಹಗುರವಾಗಲಿ, ಸೆರಗಿನ ಕೆಂಪು ಉಳಿಯಲಿ

ನಮ್ಮ ಚಿಕ್ಕಮ್ಮ ಇಳಕಲ್ ಸೀರೆ ಮಾರಲು ಪುಟ್ಟದೊಂದು ವೆಬ್‌ಸೈಟ್ ಮಾಡಿಸಿಕೊಂಡಿದ್ದಾರೆ. ಒಂದೇ ಪುಟದಲ್ಲಿ 20 ಸೀರೆ. ಎಲ್ಲವೂ ಫೋನಿನಲ್ಲಿ ತೆಗೆದವು, ಒಂದೊಂದು ಫೋಟೊ ಸುಮಾರು 4 ಎಂಬಿ. ಅಂದರೆ ಪುಟ ತೆರೆದವರ 80 ಎಂಬಿ ಡೇಟಾ ಖರ್ಚು! ಸಿಗ್ನಲ್ ಕಮ್ಮಿ ಇರುವ ಕಡೆ ಸೀರೆ ಕಾಣುವ ಮೊದಲೇ ಜನ ಪುಟ ಮುಚ್ಚಿಬಿಡುತ್ತಾರೆ, ಅಲ್ವಾ? ಇದನ್ನು ನೀವೇ ಸರಿಮಾಡಬಹುದು.

ಮೂಲ ಫೋಟೊಗಳನ್ನು ಮೊದಲು ಬೇರೆ ಫೋಲ್ಡರಿನಲ್ಲಿ ಕಾಪಿ ಮಾಡಿ ಇಡಿ. ಕುಗ್ಗಿಸಿದಾಗ ಹೋದ ವಿವರ ಮತ್ತೆ ಬರುವುದಿಲ್ಲ.

ಈಗ ಬ್ರೌಸರಿನಲ್ಲಿ ಫೋಟೊ ಕುಗ್ಗಿಸುವ ‘ಸ್ಕ್ವೂಶ್’ ಎಂಬ ವೆಬ್‌ಸೈಟ್ ತೆರೆಯಿರಿ. ಉಚಿತ. ಕುಗ್ಗಿಸುವ ಕೆಲಸ ನಿಮ್ಮ ಕಂಪ್ಯೂಟರಿನಲ್ಲೇ ನಡೆಯುತ್ತದೆ, ಫೋಟೊ ಬೇರೆಲ್ಲಿಗೂ ಹೋಗುವುದಿಲ್ಲ. ಒಂದು ಸಲಕ್ಕೆ ಒಂದೇ ಫೋಟೊ ಹಾಕಬೇಕು.

ಜಾಸ್ತಿ ಜನ ನೇರವಾಗಿ ಕ್ವಾಲಿಟಿ ಇಳಿಸಲು ಹೋಗುತ್ತಾರೆ. ಮೊದಲು ಇಳಿಸಬೇಕಾದ್ದು ಅಳತೆ. 12 ಮೆಗಾಪಿಕ್ಸೆಲ್ ಫೋಟೊ ಎಂದರೆ 4000 ಪಿಕ್ಸೆಲ್ ಅಗಲ, 3000 ಎತ್ತರ, ಒಟ್ಟು 1.2 ಕೋಟಿ ಚುಕ್ಕೆ. ‘ರೀಸೈಜ್’ ಒತ್ತಿ ಅಗಲವನ್ನು 1200 ಮಾಡಿದರೆ ಉಳಿಯುವುದು 10.8 ಲಕ್ಷ. ಹನ್ನೊಂದರಲ್ಲಿ ಒಂದು ಪಾಲು! ಫೋನಿನ ಪರದೆಯಲ್ಲಿ ನೋಡುವವರಿಗೆ ಇಷ್ಟು ಸಾಕು.

ಆಮೇಲೆ ಕ್ವಾಲಿಟಿ. 75ರಿಂದ ಶುರು ಮಾಡಿ. ಪರದೆಯ ನಡುವಿನ ಗೆರೆಯನ್ನು ಆಚೀಚೆ ಎಳೆದರೆ ಒಂದು ಕಡೆ ಮೂಲ, ಇನ್ನೊಂದು ಕಡೆ ಕುಗ್ಗಿಸಿದ್ದು ಕಾಣುತ್ತದೆ.

ಸುಮ್ನೆ ಇಡೀ ಸೀರೆ ನೋಡಬೇಡಿ. ಟೋಪ್ ತೆನಿ ಸೆರಗಿಗೆ ಹೋಗಿ. ಕೆಂಪು ನೆಲದ ಮೇಲೆ ಬಿಳಿ ಮೊನೆಗಳು ಇವೆಯಲ್ಲ, ಅವುಗಳ ಅಂಚನ್ನೇ ದೊಡ್ಡದು ಮಾಡಿ ನೋಡಿ. ಕೆಂಪು ಕದಡಿ ಬಿಳಿಗೆ ಹತ್ತಿದ ಹಾಗೆ ಕಾಣಬಹುದು. ನಮ್ಮ ಕಣ್ಣು ಬೆಳಕು–ನೆರಳನ್ನು ಹಿಡಿದಷ್ಟು ಚುರುಕಾಗಿ ಬಣ್ಣದ ಸಣ್ಣ ವ್ಯತ್ಯಾಸ ಹಿಡಿಯುವುದಿಲ್ಲ. ಇದನ್ನೇ ನಂಬಿ ಜೆಪೆಗ್ ಎಂಬ ಫೋಟೊ ಫೈಲಿನ ಬಗೆ ಸಾಮಾನ್ಯವಾಗಿ ನಾಲ್ಕು ಚುಕ್ಕೆಗೆ ಒಂದೇ ಬಣ್ಣದ ಲೆಕ್ಕ ಇಡುತ್ತದೆ. ಮರ, ಆಕಾಶಕ್ಕೆ ಇದು ನಡೆಯುತ್ತದೆ. ಕೆಂಪು ನೂಲಿಗೆ ನಡೆಯುವುದಿಲ್ಲ. ಸ್ಕ್ವೂಶ್‌ನಲ್ಲಿ ಜೆಪೆಗ್ ಮಾಡಿಕೊಡುವ ‘ಮೊಜ್‌ಜೆಪೆಗ್’ ಆರಿಸಿ, ಅದರ ಅಡ್ವಾನ್ಸ್ಡ್ ಸೆಟ್ಟಿಂಗಿನಲ್ಲಿ ಕ್ರೋಮಾ (ಬಣ್ಣದ ವಿವರ) ತಾನಾಗಿ ಇಳಿಯುವ ಆಯ್ಕೆಯನ್ನು ತೆಗೆದು, ಅಂಕಿಯನ್ನು 1 ಮಾಡಿ. ಫೈಲು ಸ್ವಲ್ಪ ದೊಡ್ಡದಾಗುತ್ತದೆ. ಆಗಲಿ ಬಿಡಿ. ಬಣ್ಣ ನೋಡಿ ಸೀರೆ ಕೊಳ್ಳುವವರಿಗೆ ಬಣ್ಣವನ್ನೇ ಕೆಡಿಸಿ ತೋರಿಸಬಾರದು.

2010ರಲ್ಲಿ ಗೂಗಲ್ ತಂದ ವೆಬ್‌ಪಿ ಎಂಬ ಫೈಲಿನ ಬಗೆ ಸಾಮಾನ್ಯವಾಗಿ ಜೆಪೆಗ್‌ಗಿಂತ ಹಗುರ. ಅಂಗಡಿ, ಮಗ್ಗದ ಫೋಟೊಗಳಿಗೆ ಅದನ್ನೇ ಬಳಸಿ. ಆದರೆ ವಿವರ ಬಿಟ್ಟು ಕುಗ್ಗಿಸುವಾಗ ಅದೂ ಬಣ್ಣವನ್ನು ಹೀಗೇ ಇಳಿಸುತ್ತದೆ, ಅಲ್ಲಿ ತಪ್ಪಿಸುವ ದಾರಿ ಇಲ್ಲ. ಸೆರಗಿಗೆ ಜೆಪೆಗ್ಗೇ ಇರಲಿ. ಅಕ್ಷರವಿರುವ ಲೋಗೊಗೆ ಪಿಎನ್‌ಜಿ.

ಕುಗ್ಗಿಸಿದ ಜೆಪೆಗ್ಗನ್ನೇ ತೆರೆದು ಮತ್ತೆ ಮತ್ತೆ ಸೇವ್ ಮಾಡಬೇಡಿ. ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಕೆಡುತ್ತದೆ. ಬದಲಾವಣೆ ಬೇಕಾದರೆ ಮೂಲದಿಂದಲೇ ಶುರು ಮಾಡಿ.

ನೇಕಾರರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ಫೋಟೊ ಆಗಲೇ ಒಂದು ಸಲ ಕುಗ್ಗಿರುತ್ತದೆ. ‘ಅಣ್ಣಾ, ಡಾಕ್ಯುಮೆಂಟ್ ಅಂತ ಕಳಿಸಿ’ ಎಂದು ಮೊದಲೇ ಹೇಳಿಬಿಡಿ.