ಮಗು ಅತ್ತಾಗ ಬಾಣಂತಿಯ ತಟ್ಟೆಗೆ ಕೈ ಹಾಕುವ ಮುನ್ನ

ಮಳೆ ಜೋರಾಗಿರುವ ಕಕ್ಕಡ ಮಾಸದಲ್ಲಿ (ಜುಲೈ–ಆಗಸ್ಟ್) ಬಾಣಂತನ ನಡೆಯುತ್ತಿರುವ ಮನೆಯನ್ನು ಕೊಡಗಿನಲ್ಲಿ ಗೇಟಿನ ಬಳಿಯಿಂದಲೇ ಗುರುತಿಸಬಹುದು. ಜಗಲಿಯ ಉದ್ದಕ್ಕೂ ಹಗ್ಗ ಕಟ್ಟಿ, ಹಳೆಯ ಪಂಚೆಯನ್ನು ಹರಿದು ಮಾಡಿದ ಬಿಳಿ ಬಟ್ಟೆಗಳನ್ನು ಸಾಲಾಗಿ ಹರವಿರುತ್ತಾರೆ. ಮೂರು ದಿನ ಕಳೆದರೂ ಅವು ಒಣಗಿರುವುದಿಲ್ಲ. ಒಳಗೆ ಸಂಜೆ ಏಳು ಗಂಟೆಯಾಗುತ್ತಲೇ ಮಗು ಅಳಲು ಆರಂಭಿಸುತ್ತದೆ. ಅತ್ತೆಯವರು ಸೊಸೆಯ ಮಧ್ಯಾಹ್ನದ ಊಟವನ್ನು ನೆನಪಿಸಿಕೊಂಡು, ‘ಆ ಕಣಿಲೆ (ಎಳೆ ಬಿದಿರು) ಪಲ್ಯ ತಿನ್ನಬಾರದಿತ್ತು’ ಎನ್ನುತ್ತಾರೆ. ಮರುದಿನದಿಂದ ಸೊಪ್ಪು, ಬೇಳೆ, ಮೀನು, ಮೊಟ್ಟೆ ಒಂದೊಂದಾಗಿ ಪಥ್ಯದ ಹೆಸರಿನಲ್ಲಿ ದೂರವಾಗಿ, ಕೊನೆಗೆ ಅನ್ನ, ಮೆಣಸಿನ ಸಾರು ಮತ್ತು ತುಪ್ಪ ಮಾತ್ರ ಉಳಿಯುತ್ತವೆ. ಅಳು ಮಾತ್ರ ಹಾಗೆಯೇ ಮುಂದುವರಿಯುತ್ತದೆ, ಏಕೆಂದರೆ ಅದರ ಕಾರಣ ತಾಯಿಯ ತಟ್ಟೆಯಲ್ಲಿ ಇರುವುದು ಅಪರೂಪ.

ಕಾರಣ ಹುಡುಕುವುದಕ್ಕೆ ಒಂದು ಕ್ರಮವಿದೆ. ಮೊದಲು ಮಗು, ಆಮೇಲೆ ಕಾಫಿ ಲೋಟ, ಅದರ ನಂತರವಷ್ಟೇ ಊಟ. ಮಳೆಗಾಲವಾದರೆ ಇವೆಲ್ಲದರ ಜೊತೆಗೆ ಜಗಲಿಯ ಆ ಬಟ್ಟೆಗಳನ್ನೂ ವಿಚಾರಿಸಿಕೊಳ್ಳಬೇಕು.

ಮೊದಲು ಮಗುವಿನ ಬಟ್ಟೆ ಬಿಚ್ಚಿ ನೋಡಿ

ಮಗು ಅತ್ತ ಕೂಡಲೇ ಬಟ್ಟೆ ಬಿಚ್ಚಿ ನೆತ್ತಿಯಿಂದ ಪಾದದವರೆಗೆ ನೋಡುವುದು ಮೊದಲ ಹೆಜ್ಜೆ. ಒದ್ದೆ ಬಟ್ಟೆ, ಸೊಂಟಕ್ಕೆ ಬಿಗಿದ ಎಲಾಸ್ಟಿಕ್, ತೊಡೆಸಂದಿನ ಕೆಂಪು ಸುಲಭವಾಗಿ ಕಣ್ಣಿಗೆ ಬೀಳುತ್ತವೆ. ಕಣ್ಣು ತಪ್ಪಿಸುವುದು ಕಾಲಿನ ಬೆರಳು. ಹೆರಿಗೆಯಾದ ಕೆಲವು ತಿಂಗಳಿಗೆ ತಾಯಿಯ ಕೂದಲು ಹೆಚ್ಚಾಗಿ ಉದುರುತ್ತದೆ. ಅದರ ಒಂದೆಳೆ ಕಾಲುಚೀಲದೊಳಗೆ ಸೇರಿ ಬೆರಳಿಗೆ ಸುತ್ತಿಕೊಂಡರೆ ರಕ್ತದ ಓಡಾಟ ನಿಂತು ಬೆರಳು ಊದಿಕೊಳ್ಳುತ್ತದೆ. ಚಳಿಯೆಂದು ಮಗುವಿಗೆ ಸದಾ ಕಾಲುಚೀಲ ಹಾಕಿಡುವ ನಮ್ಮ ಜಿಲ್ಲೆಯಲ್ಲಿ ಇದನ್ನು ದಿನಕ್ಕೊಮ್ಮೆಯಾದರೂ ಬಿಚ್ಚಿ ನೋಡುವ ರೂಢಿ ಒಳ್ಳೆಯದು. ಹಾಗೆಯೇ ಸ್ವೆಟರ್, ಟೋಪಿ, ಕಂಬಳಿಗಳನ್ನು ಹೇರಿದಾಗ ಮಗು ಸೆಕೆಯಿಂದಲೂ ಅಳುತ್ತದೆ. ಅಂಗೈ ತಣ್ಣಗಿದೆಯೆಂದು ಮತ್ತೊಂದು ಹೊದಿಕೆ ಹಾಕುವ ಬದಲು ಕತ್ತಿನ ಹಿಂಭಾಗವನ್ನು ಮುಟ್ಟಿ ನೋಡಿ. ಅಲ್ಲಿ ಬೆವರಿದ್ದರೆ ಒಂದು ಪದರ ತೆಗೆಯಿರಿ.

ಎರಡನೆಯದು ಹಾಲು ಸಾಕಾಗುತ್ತಿದೆಯೇ ಎಂಬ ಪ್ರಶ್ನೆ. ಇದಕ್ಕೆ ಉತ್ತರ ಅಳುವಿನಲ್ಲಿಲ್ಲ, ಮೂತ್ರದಲ್ಲಿದೆ. ಹುಟ್ಟಿದ ಆರನೆಯ ದಿನದಿಂದ ದಿನಕ್ಕೆ ಕನಿಷ್ಠ 6 ಬಾರಿ ತಿಳಿಯಾದ ಮೂತ್ರ ಮಾಡುತ್ತಿದ್ದು, ತೂಕ ಏರುತ್ತಿದ್ದರೆ ಹಾಲು ಸಾಕಾಗುತ್ತಿದೆ ಎಂದೇ ಅರ್ಥ. ಮೊದಲ ವಾರಗಳಲ್ಲಿ 24 ಗಂಟೆಗೆ 8ರಿಂದ 12 ಬಾರಿ ಹಾಲೂಡಿಸುವುದು ಸಹಜ. ಸಂಜೆಯ ಹೊತ್ತಿನಲ್ಲಿ ಅರ್ಧ ಗಂಟೆಗೊಮ್ಮೆ ಎದೆ ಹುಡುಕುವುದೂ ಸಹಜವೇ, ಅದನ್ನು ಕಂಡು ಡಬ್ಬಿಯ ಪುಡಿ ತರಿಸಬೇಕಾಗಿಲ್ಲ. ಮಗು ಬಾಯನ್ನು ಅಗಲವಾಗಿ ತೆರೆದು, ತೊಟ್ಟನ್ನಷ್ಟೇ ಅಲ್ಲದೆ ಅದರ ಸುತ್ತಲಿನ ಕಪ್ಪು ಭಾಗದ ಬಹುಪಾಲನ್ನೂ ಬಾಯೊಳಗೆ ತೆಗೆದುಕೊಂಡಿರಬೇಕು, ಕೆಳತುಟಿ ಹೊರಗೆ ಮಡಚಿರಬೇಕು, ಗಲ್ಲ ಎದೆಗೆ ತಾಗಿರಬೇಕು. ತೊಟ್ಟನ್ನು ಮಾತ್ರ ಚೀಪುವ ಮಗು ಗಾಳಿಯನ್ನೇ ಹೆಚ್ಚು ನುಂಗುತ್ತದೆ, ತಾಯಿಗೂ ನೋವಾಗುತ್ತದೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗಳಿಗೆ ಆಶಾ ಕಾರ್ಯಕರ್ತೆಯರು 3, 7, 14, 21, 28 ಮತ್ತು 42ನೇ ದಿನಗಳಲ್ಲಿ ಭೇಟಿ ನೀಡಬೇಕೆಂಬ ನಿಯಮವಿದೆ. ಅವರು ಬಂದಾಗ ತೂಕ ನೋಡಿಸುವುದರ ಜೊತೆಗೆ, ಅವರ ಎದುರಿಗೇ ಒಮ್ಮೆ ಹಾಲೂಡಿಸಿ ಸರಿಯಾಗಿದೆಯೇ ಎಂದು ಕೇಳಿಕೊಳ್ಳಿ.

ಹೊಟ್ಟೆ ತುಂಬಿದೆ, ಬಟ್ಟೆ ಒಣಗಿದೆ, ಮೈಯಲ್ಲಿ ಏನೂ ಇಲ್ಲ, ಆದರೂ ಸಂಜೆಯಾದರೆ ಅಳುತ್ತದೆ ಎಂದರೆ ಅದು ಬಹುಪಾಲು ಕೋಲಿಕ್. ಮೂರು ವಾರಗಳ ಕಾಲ, ವಾರಕ್ಕೆ ಮೂರು ದಿನಕ್ಕಿಂತ ಹೆಚ್ಚು, ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಅಳುವುದನ್ನು ಹಾಗೆ ಕರೆಯಬೇಕೆಂದು ಅಮೆರಿಕದ ಮಕ್ಕಳ ವೈದ್ಯ ಮಾರಿಸ್ ವೆಸೆಲ್ ಮತ್ತು ಸಂಗಡಿಗರು 1954ರಲ್ಲಿ ಗುರುತಿಸಿದರು. ಇಂತಹ ಅಳು ಎರಡನೆಯ ವಾರದ ಸುಮಾರಿಗೆ ಆರಂಭವಾಗಿ, ಆರನೆಯ ವಾರದ ಹೊತ್ತಿಗೆ ತುದಿ ಮುಟ್ಟಿ, ಮೂರು ನಾಲ್ಕು ತಿಂಗಳಿಗೆ ತಾನಾಗಿ ಇಳಿಯುತ್ತದೆ. ಹೆಗಲ ಮೇಲೆ ಹಾಕಿಕೊಂಡು ತೇಗು ಬರಿಸುವುದು, ಎದೆಗವಚಿ ಮೈಗೆ ಮೈ ತಾಗಿಸಿ ನಿಧಾನವಾಗಿ ಓಡಾಡುವುದು, ತೊಟ್ಟಿಲು ತೂಗುವುದು ಇದಕ್ಕಿರುವ ಉಪಾಯ. ಸಂಜೆಯ ಅಳುವಿಗೆ ದೃಷ್ಟಿ ತೆಗೆಯುವುದು ನಮ್ಮಲ್ಲಿ ಇದ್ದದ್ದೇ. ತೆಗೆಯುವುದಾದರೆ ತೆಗೆಯಿರಿ, ಆದರೆ ಒಣಮೆಣಸಿನಕಾಯಿಯನ್ನು ಬಾಣಂತಿಯ ಕೋಣೆಯ ಕೆಂಡಕ್ಕೆ ಹಾಕಬೇಡಿ. ಜೇನುತುಪ್ಪ, ಬಜೆ ತೇಯ್ದ ನೀರು, ಗ್ರೈಪ್ ವಾಟರ್, ನಾಲಿಗೆಗೆ ಸವರುವ ಬ್ರಾಂಡಿ ಇವು ಯಾವುವೂ ಆರು ತಿಂಗಳೊಳಗಿನ ಮಗುವಿಗೆ ಸಲ್ಲವು. ಅದರಲ್ಲೂ ಜೇನಿನಲ್ಲಿ ಬೊಟುಲಿಸಂ ಉಂಟುಮಾಡುವ ಬೀಜಾಣುಗಳು ಇರಬಹುದಾದ್ದರಿಂದ ಒಂದು ವರ್ಷ ತುಂಬುವವರೆಗೆ ಕೊಡಲೇಬಾರದು. ತೋಟದ ಜೇನು ಎಷ್ಟೇ ಶುದ್ಧವಾಗಿದ್ದರೂ ಈ ಮಾತು ಬದಲಾಗದು. ಎತ್ತಿಕೊಂಡವರ ತಾಳ್ಮೆ ಕೆಡುತ್ತಿದ್ದರೆ ಮಗುವನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ ಐದು ನಿಮಿಷ ಜಗಲಿಗೆ ಬರುವುದು ತಪ್ಪಲ್ಲ. ಸಿಟ್ಟಿನಲ್ಲಿ ಮಗುವನ್ನು ಕುಲುಕಿದರೆ ಮಿದುಳಿಗೇ ಪೆಟ್ಟಾಗುತ್ತದೆ.

ಆಮೇಲೆ ಕಾಫಿ ಲೋಟ

ಬೆಳೆಯುವ ಊರಿನಲ್ಲಿ ಕಾಫಿಯನ್ನು ಅನುಮಾನಿಸುವುದು ಕಷ್ಟ. ಮುಂಜಾನೆಯ ಬೆಲ್ಲದ ಕಾಫಿ, ತಿಂಡಿಯ ಜೊತೆಗೊಂದು, ನೆಂಟರು ಮಗುವನ್ನು ನೋಡಲು ಬಂದಾಗ ಒಂದೊಂದು ಎಂದು ಬಾಣಂತಿಯ ಕೈಗೆ ದಿನಕ್ಕೆ ಐದಾರು ಲೋಟ ಸುಲಭವಾಗಿ ಸೇರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2024ರ ಆಹಾರ ಮಾರ್ಗಸೂಚಿಯ ಪ್ರಕಾರ 150 ಮಿ.ಲೀ. ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120 ಮಿ.ಗ್ರಾಂ. ಕೆಫೀನ್ ಇರುತ್ತದೆ, ವಯಸ್ಕರು ಸಹ ದಿನಕ್ಕೆ 300 ಮಿ.ಗ್ರಾಂ. ಮೀರಬಾರದು. ಅರೇಬಿಕಾಕ್ಕಿಂತ ರೋಬಸ್ಟಾದಲ್ಲಿ ಕೆಫೀನ್ ಹೆಚ್ಚುಕಡಿಮೆ ಇಮ್ಮಡಿ ಇರುವುದರಿಂದ, ಮನೆಯ ತೋಟದ ರೋಬಸ್ಟಾವನ್ನೇ ಹುರಿದು ಪುಡಿಮಾಡಿಸುವವರು ಇನ್ನಷ್ಟು ಎಚ್ಚರ ವಹಿಸಬೇಕು. ತಾಯಿ ಕುಡಿದದ್ದರಲ್ಲಿ ಮಗುವಿಗೆ ತಲುಪುವುದು ಅತ್ಯಲ್ಪವೇ. ಆದರೆ ದೊಡ್ಡವರ ದೇಹದಲ್ಲಿ ಐದಾರು ಗಂಟೆಗೆ ಅರ್ಧಕ್ಕಿಳಿಯುವ ಕೆಫೀನ್ ನವಜಾತ ಶಿಶುವಿನಲ್ಲಿ ಹಾಗೆ ಇಳಿಯಲು ಮೂರು ನಾಲ್ಕು ದಿನ ಬೇಕಾಗುತ್ತದೆ. ಇಂದಿನದರ ಮೇಲೆ ನಾಳೆಯದು ಸೇರಿ ಮಗು ನಿದ್ದೆಯಿಲ್ಲದೆ ಬೆಚ್ಚುತ್ತದೆ, ರಚ್ಚೆ ಹಿಡಿಯುತ್ತದೆ. ಬಿಡಬೇಕಾಗಿಲ್ಲ, ಎರಡು ಸಣ್ಣ ಲೋಟಕ್ಕೆ ಇಳಿಸಿ, ಹಾಲೂಡಿಸಿದ ಮೇಲೆ ಕುಡಿಯಿರಿ, ಒಂದು ವಾರ ಕಾದು ವ್ಯತ್ಯಾಸ ಗಮನಿಸಿ. ಚಿಕೋರಿಯಲ್ಲಿ ಕೆಫೀನ್ ಇಲ್ಲವಾದ್ದರಿಂದ, ಚಿಕೋರಿ ಬೆರಸಿದ ಪುಡಿಯನ್ನು ಕೀಳಾಗಿ ಕಾಣುವ ನಮ್ಮ ತೋಟದ ಮನೆಗಳವರು ಈ ಕೆಲವು ತಿಂಗಳ ಮಟ್ಟಿಗೆ ಅದನ್ನು ಸಹಿಸಿಕೊಳ್ಳಬಹುದು. ಮನೆಯಲ್ಲಿ ತಯಾರಿಸಿದ ವೈನ್ ಮತ್ತು ಬ್ರಾಂಡಿಯ ವಿಷಯದಲ್ಲಿ ಇಷ್ಟು ಸಡಿಲಿಕೆ ಸಾಧ್ಯವಿಲ್ಲ. ರಕ್ತದಲ್ಲಿರುವಷ್ಟೇ ಮದ್ಯ ಹಾಲಿನಲ್ಲೂ ಇರುವುದರಿಂದ ಬಾಣಂತಿಗೆ ‘ಶೀತ ಬಾರದಿರಲಿ’ ಎಂದು ಕೊಡುವ ಪದ್ಧತಿಯನ್ನು ಕೈಬಿಡುವುದೇ ಸರಿ.

ಕೊನೆಗೆ ತಟ್ಟೆ, ಅದೂ ತುಂಬಿದ ತಟ್ಟೆ

ತಾಯಿಯ ಹೊಟ್ಟೆಯಲ್ಲಿ ವಾಯು ಉಂಟುಮಾಡುವ ಬೇಳೆಯ ನಾರು ಅವಳ ಕರುಳಿನಲ್ಲೇ ಉಳಿಯುತ್ತದೆ. ಹಾಲು ತಯಾರಾಗುವುದು ರಕ್ತದಿಂದ. ವಾಯುವಾಗಲಿ ‘ನಂಜು’ ಆಗಲಿ ಅಲ್ಲಿಂದ ಮಗುವಿಗೆ ಹರಿಯುವುದಿಲ್ಲ. ಬೆಳ್ಳುಳ್ಳಿಯ ವಾಸನೆ ಹಾಲಿಗೆ ಬರುತ್ತದೆ ಎಂಬುದು ನಿಜ, ಆದರೆ ಅದರಿಂದ ಮಕ್ಕಳು ಹಾಲು ಬಿಡುವುದಿಲ್ಲ. ಮೊದಲ ಆರು ತಿಂಗಳು ಹಾಲೂಡಿಸುವ ತಾಯಿಗೆ ದಿನಕ್ಕೆ ಸುಮಾರು 600 ಕಿಲೊಕ್ಯಾಲರಿ ಹೆಚ್ಚುವರಿ ಆಹಾರ ಬೇಕು, ಅಂದರೆ ಮೂರು ಊಟದ ಜೊತೆಗೆ ಇನ್ನೊಂದು ಸಣ್ಣ ಊಟ. ಅಕ್ಕಿ ರೊಟ್ಟಿ, ಕಡಂಬಿಟ್ಟು, ನೂಪುಟ್ಟು ಎಲ್ಲವೂ ಅಕ್ಕಿಯದೇ ಆಗಿರುವುದರಿಂದ ಪಕ್ಕದ ಬಟ್ಟಲಿಗೆ ಹೆಚ್ಚು ಗಮನ ಕೊಡಿ: ಹೆಸರುಕಾಳು, ನುಗ್ಗೆಸೊಪ್ಪು, ಸಬ್ಬಸಿಗೆ, ಮೊಟ್ಟೆ, ನಾಟಿಕೋಳಿ ಸಾರು, ಮುಳ್ಳಿನ ಸಮೇತ ಬೆಂದ ಮತ್ತಿ ಮೀನು. ಚೆನ್ನಾಗಿ ಬೆಂದಿದ್ದರೆ ಪಂದಿಕರಿಗೂ (ಹಂದಿಮಾಂಸದ ಸಾರು) ಅಡ್ಡಿಯಿಲ್ಲ. ಮಾಂಸ ತಿನ್ನದವರು ಹಾಲು ಮೊಸರನ್ನು ಬಿಡಬಾರದು, ಬಿ12 ಜೀವಸತ್ವ ಅವರಿಗೆ ಸಿಗುವುದು ಅದರಿಂದಲೇ. ಕಣಿಲೆಯನ್ನು ನಮ್ಮ ಹಿರಿಯರು ಹೆಚ್ಚಿ, ದಿನವೂ ನೀರು ಬದಲಿಸುತ್ತಾ ನೆನೆಸಿ, ಬೇಯಿಸಿ ನೀರು ಬಸಿದು ಬಳಸುವುದಕ್ಕೆ ಕಾರಣವಿದೆ: ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿರುತ್ತದೆ. ಆ ಕ್ರಮ ತಪ್ಪದಿದ್ದರೆ ಬಾಣಂತಿ ಸ್ವಲ್ಪ ತಿಂದದ್ದಕ್ಕೆ ಮಗು ಅಳುವುದಿಲ್ಲ.

ನೀರು ಕೊಡದೆ ಬಾಯಾರಿಸುವ ಪಥ್ಯ ಎಲ್ಲಕ್ಕಿಂತ ಕೆಟ್ಟದ್ದು. ಪ್ರತಿ ಬಾರಿ ಹಾಲೂಡಿಸಲು ಕುಳಿತಾಗ ಪಕ್ಕದಲ್ಲಿ ಒಂದು ಚೊಂಬು ಬಿಸಿನೀರು ಇರಲಿ. ಹೆರಿಗೆಯ ನಂತರ 180 ದಿನ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಸಿಗುವ ಕಬ್ಬಿಣಾಂಶದ ಮಾತ್ರೆಯನ್ನು ಕ್ಯಾಲ್ಸಿಯಂ ಮಾತ್ರೆಯ ಜೊತೆ ನುಂಗದೆ ಎರಡು ಗಂಟೆಯ ಅಂತರ ಕೊಡಬೇಕು. ಅದರ ಹಿಂದೆ ಮುಂದೆ ಒಂದು ಗಂಟೆ ಕಾಫಿ, ಚಹಾ ಬೇಡ. 2017ರಲ್ಲಿ ರಾಜ್ಯದಾದ್ಯಂತ ಆರಂಭವಾದ ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯಲ್ಲಿ ಸಿಗುವ ಊಟಕ್ಕೆ ಹೆರಿಗೆಯಾದ ಆರು ತಿಂಗಳವರೆಗೆ ತಾಯಂದಿರು ಅರ್ಹರು. ಲೈನ್ ಮನೆಗಳಲ್ಲಿರುವ ತೋಟದ ಕೆಲಸದ ಹೆಣ್ಣುಮಕ್ಕಳು ಇದನ್ನು ಕೇಳಿ ಪಡೆಯಬೇಕು.

ತಟ್ಟೆಯಿಂದ ಏನನ್ನಾದರೂ ನಿಜವಾಗಿ ತೆಗೆಯಬೇಕಾದ ಸಂದರ್ಭ ಒಂದಿದೆ. ಮಗುವಿನ ಮಲದಲ್ಲಿ ರಕ್ತ ಅಥವಾ ಲೋಳೆ, ಮೈತುಂಬ ಇಸುಬು, ಪದೇ ಪದೇ ವಾಂತಿ ಇದ್ದರೆ ಹಸುವಿನ ಹಾಲಿನ ಪ್ರೋಟೀನಿಗೆ ಅಲರ್ಜಿ ಇರಬಹುದು. ಆಗ ವೈದ್ಯರ ಸಲಹೆಯಂತೆ ತಾಯಿ ಎರಡರಿಂದ ನಾಲ್ಕು ವಾರ ಹಾಲಿನ ಪದಾರ್ಥಗಳನ್ನು ಪೂರ್ತಿ ಬಿಟ್ಟು, ಆಮೇಲೆ ಮತ್ತೆ ಸೇವಿಸಿ ನೋಡುತ್ತಾರೆ. ಎದೆಹಾಲು ನಿಲ್ಲಿಸುವ ಅಗತ್ಯವಿಲ್ಲ.

ಒಣಗದ ಬಟ್ಟೆ ಮತ್ತು ಕೆಂಪಾದ ಚರ್ಮ

ಡೈಪರ್ ಅಥವಾ ಬಟ್ಟೆಯ ಜಾಗ ಕೆಂಪಾಗುವುದಕ್ಕೆ ಮೂಲ ಕಾರಣ ತೇವ. ನೆನೆದ ಚರ್ಮ ತಿಕ್ಕಾಟಕ್ಕೆ ಬೇಗ ಸುಲಿಯುತ್ತದೆ. ಮೂತ್ರ ಮತ್ತು ಮಲ ಬೆರೆತಾಗ ಹುಟ್ಟುವ ಅಮೋನಿಯಾ ಕ್ಷಾರತೆಯನ್ನು ಹೆಚ್ಚಿಸಿ, ಮಲದಲ್ಲಿರುವ ಕಿಣ್ವಗಳು ಚರ್ಮವನ್ನು ಕೆಣಕುವಂತೆ ಮಾಡುತ್ತದೆ. ಮಳೆಗಾಲದಲ್ಲಿ ಮೊದಲೇ ಅರೆ ಒದ್ದೆಯಾದ ಬಟ್ಟೆಯನ್ನು ಕಟ್ಟಿದರೆ ಈ ಕೆಲಸ ಇನ್ನೂ ಬೇಗ ಆಗುತ್ತದೆ. ಒಣಗಿದೆಯೇ ಎಂದು ತಿಳಿಯಲು ಬಟ್ಟೆಯನ್ನು ಬೆರಳಿನಿಂದಲ್ಲ, ಮೇಲ್ದುಟಿಗೆ ಒತ್ತಿ ನೋಡಿ. ತುಸು ತಣ್ಣಗೆನಿಸಿದರೂ ಅದರಲ್ಲಿ ತೇವವಿದೆ. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದ ಬಟ್ಟೆಗೆ ಹೊಗೆಯ ಘಾಟು ಹಿಡಿಯುತ್ತದೆ. ನಮ್ಮ ಮನೆಯಲ್ಲಿ ಕಂಡುಕೊಂಡ ದಾರಿಯೆಂದರೆ, ಒಗೆದ ಬಟ್ಟೆಯನ್ನು ಸೋಪು ಉಳಿಯದಂತೆ ಎರಡು ಬಾರಿ ಜಾಲಿಸಿ, ಹತ್ತು ನಿಮಿಷ ಕುದಿಸಿ, ಗಾಳಿಯಾಡುವ ಕಡೆ ಹರವಿ, ಕಟ್ಟುವ ಮೊದಲು ಎರಡೂ ಮಗ್ಗುಲಿಗೆ ಬಿಸಿ ಇಸ್ತ್ರಿ ಹಾಕುವುದು. ಕೆಂಡದ ಅಗ್ಗಿಷ್ಟಿಕೆಯನ್ನು ಬಟ್ಟೆ ಒಣಗಿಸಲೆಂದೋ ಶಾಖಕ್ಕೆಂದೋ ಮುಚ್ಚಿದ ಕೋಣೆಯಲ್ಲಿಡುವುದು ಪ್ರಾಣಕ್ಕೇ ಅಪಾಯ. ಅದರ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ.

ಕೆಂಪು ಕಾಣಿಸಿದರೆ ಹೀಗೆ ಮಾಡಿ. ಎರಡು ಮೂರು ಗಂಟೆಗೊಮ್ಮೆ, ಮಲ ಮಾಡಿದಾಗ ತಕ್ಷಣ, ಬಟ್ಟೆ ಬದಲಿಸಿ. ಉಗುರುಬೆಚ್ಚಗಿನ ನೀರು ಮತ್ತು ಹತ್ತಿಯಿಂದ ಮುಂದಿನಿಂದ ಹಿಂದಕ್ಕೆ ಒರೆಸಿ, ಉಜ್ಜದೆ ಮೆತ್ತಗೆ ಒತ್ತಿ ನೀರು ಹೀರಿಸಿ, ಮಗುವನ್ನು ಹತ್ತು ಹದಿನೈದು ನಿಮಿಷ ಬೆಚ್ಚಗಿನ ಕೋಣೆಯಲ್ಲಿ ಬರಿಮೈಯಲ್ಲಿ ಬಿಡಿ. ಚರ್ಮ ಪೂರ್ತಿ ಒಣಗಿದ ಮೇಲೆ ಜಿಂಕ್ ಆಕ್ಸೈಡ್ ಮುಲಾಮು ಅಥವಾ ಪೆಟ್ರೋಲಿಯಂ ಜೆಲ್ಲಿಯನ್ನು ರೊಟ್ಟಿಗೆ ಬೆಣ್ಣೆ ಹಚ್ಚಿದಷ್ಟು ದಪ್ಪವಾಗಿ ಹಚ್ಚಿ. ಮುಂದಿನ ಸಲ ಕೊಳೆಯನ್ನು ಮಾತ್ರ ತೆಗೆಯಿರಿ, ಮುಲಾಮನ್ನು ಕೆರೆದು ತೆಗೆಯಬೇಡಿ. ಪೌಡರ್ ಬೇಡ, ಅದು ಮಗುವಿನ ಶ್ವಾಸಕೋಶಕ್ಕೆ ಹೋಗುತ್ತದೆ. ಪ್ಲಾಸ್ಟಿಕ್ ಚಡ್ಡಿಯೂ ಬೇಡ.

ಇಷ್ಟಾದರೂ ಎರಡು ಮೂರು ದಿನದಲ್ಲಿ ಇಳಿಯದೆ, ಚರ್ಮದ ಮಡಿಕೆಗಳ ಒಳಗೇ ಕಡುಗೆಂಪಾಗಿ, ಅಂಚಿನಿಂದಾಚೆಗೆ ಸಣ್ಣ ಕೆಂಪು ಚುಕ್ಕೆಗಳು ಹರಡಿದ್ದರೆ ಅದು ಕ್ಯಾಂಡಿಡಾ ಶಿಲೀಂಧ್ರ. ಮಗುವಿನ ಬಾಯಲ್ಲಿ ಒರೆಸಿದರೂ ಹೋಗದ ಬಿಳಿ ಪದರವಿದೆಯೇ ಎಂದೂ ನೋಡಿ. ಇದಕ್ಕೆ ವೈದ್ಯರು ಬರೆದುಕೊಡುವ ಶಿಲೀಂಧ್ರನಾಶಕ ಮುಲಾಮು ಬೇಕು. ಔಷಧಿ ಅಂಗಡಿಯಲ್ಲಿ ‘ರ್ಯಾಶಸ್‌ಗೆ ಏನಾದರೂ ಕೊಡಿ’ ಎಂದು ಕೇಳಿದರೆ ಬಹಳ ಸಲ ಕೈಗೆ ಬರುವುದು ಪ್ರಬಲ ಸ್ಟೀರಾಯ್ಡ್ ಬೆರೆತ ಟ್ಯೂಬ್. ಅದು ಎರಡು ದಿನ ಕೆಂಪನ್ನು ಅಡಗಿಸಿ, ಎಳೆಯ ಚರ್ಮವನ್ನು ತೆಳುವಾಗಿಸುತ್ತದೆ, ದೇಹದೊಳಕ್ಕೂ ಇಳಿಯುತ್ತದೆ.

ಗುಳ್ಳೆ, ಕೀವು ಅಥವಾ ರಕ್ತ ಕಂಡರೆ, ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚಿನ ಜ್ವರ ಬಂದರೆ, ಹಸಿರು ವಾಂತಿಯಾದರೆ, ಹಾಲು ಕುಡಿಯದೆ ಮಂಕಾದರೆ, ಮೂತ್ರ ಕಡಿಮೆಯಾದರೆ ಮನೆಮದ್ದಿಗೆ ಕಾಯುವಂತಿಲ್ಲ. ಸಲಹೆಗೆ 104, ಆಂಬುಲೆನ್ಸ್‌ಗೆ 108 ಸಂಖ್ಯೆಗೆ ಕರೆ ಮಾಡಬಹುದು. ಮಳೆಗಾಲದಲ್ಲಿ ರಸ್ತೆಗೆ ಮರ ಬೀಳುವುದು, ಮೊಬೈಲ್ ಸಿಗ್ನಲ್ ಹೋಗುವುದು ಸಾಮಾನ್ಯವಾದ್ದರಿಂದ, ಒಳಗಿನ ಊರುಗಳವರು ‘ಬೆಳಗಾಗಲಿ’ ಎಂದುಕೊಳ್ಳದೆ ಹಗಲು ಇರುವಾಗಲೇ ಮಗುವಿನೊಂದಿಗೆ ಹೊರಟುಬಿಡಬೇಕು. ಚೀಲದಲ್ಲಿ ತಾಯಿ ಕಾರ್ಡ್ ಜೊತೆಗೆ ಇಸ್ತ್ರಿ ಹಾಕಿದ ಆರೇಳು ಬಟ್ಟೆಗಳು ಇರಲಿ.