ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ವೈಫೈ ಕೀ ಕೆಲಸ ಮಾಡುತ್ತಿಲ್ಲವೇ? ಡ್ರೈವರ್‌ಗೆ ಕೈ ಹಾಕೋ ಮುಂಚೆ ಇದನ್ನು ನೋಡಿ

ವಿಮಾನದ ಚಿತ್ರ ಇರುವ ಕೀ ಒತ್ತಿದರೂ ವೈಫೈ ಆನ್ ಆಗದಿದ್ದರೆ ತುಂಬಾ ಜನ ನೇರವಾಗಿ ಡ್ರೈವರ್ ಕಿತ್ತು ಮತ್ತೆ ಹಾಕಲು ಹೋಗುತ್ತಾರೆ. ದಯವಿಟ್ಟು ಬೇಡ. ಮೊದಲು ಟರ್ಮಿನಲ್‌ನಲ್ಲಿ 'ಆರ್‌ಎಫ್‌ಕಿಲ್ ಲಿಸ್ಟ್' ಕೊಡಿ. ಆರ್‌ಎಫ್‌ಕಿಲ್ ಅಂದರೆ ವೈಫೈ, ಬ್ಲೂಟೂತ್ ಥರದ ರೇಡಿಯೊಗಳನ್ನು ಆನ್-ಆಫ್ ಮಾಡುವ ಟೂಲ್. ಪ್ರತಿ ಸಾಧನದ ಕೆಳಗೆ 'ಸಾಫ್ಟ್ ಬ್ಲಾಕ್ಡ್' (ಸಾಫ್ಟ್‌ವೇರ್ ಆಫ್ ಮಾಡಿದ್ದು), 'ಹಾರ್ಡ್ ಬ್ಲಾಕ್ಡ್' (ಸ್ವಿಚ್ ಅಥವಾ ಯಂತ್ರವೇ ಆಫ್ ಮಾಡಿದ್ದು) ಅಂತ ಎರಡು ಸಾಲು ಬರುತ್ತವೆ. ಯಾವುದರ ಮುಂದೆ 'ಯೆಸ್' ಇದೆ ನೋಡಿ.

ಸಾಫ್ಟ್ ಆದರೆ ಸುಲಭ. 'ಸುಡೊ ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ' ಸಾಕು. ಆಮೇಲೂ ಬರದಿದ್ದರೆ ನೆಟ್‌ವರ್ಕ್ ಮ್ಯಾನೇಜರ್‌ನ ಕಮಾಂಡ್ 'ಎನ್‌ಎಂಸಿಎಲ್‌ಐ ರೇಡಿಯೊ ವೈಫೈ ಆನ್' ಕೊಡಿ. ಬೂಟ್ ಮತ್ತು ಸೇವೆಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿ ಹಳೆಯ ಸ್ಥಿತಿಯನ್ನು ನೆನಪಿಟ್ಟುಕೊಳ್ಳುತ್ತದೆ, ಹಾಗಾಗಿ ನಿನ್ನೆ ಆಫ್ ಮಾಡಿದ್ದು ಇವತ್ತು ಬೂಟ್ ಆದಾಗಲೂ ಆಫ್ ಆಗಿಯೇ ಇರುತ್ತದೆ.

ಹಾರ್ಡ್ ಆದರೆ ಆ ಕಮಾಂಡ್ ಏನೂ ದೂರು ಹೇಳದೆ ಮುಗಿಯುತ್ತದೆ, ಆದರೆ ಏನೂ ಬದಲಾಗಲ್ಲ. ಹಳೆಯ ಲ್ಯಾಪ್‌ಟಾಪ್‌ಗಳ ಪಕ್ಕದಲ್ಲೋ ಮುಂದೆಯೋ ಚಿಕ್ಕ ಜಾರು ಸ್ವಿಚ್ ಇರುತ್ತದೆ, ಅದನ್ನು ನೋಡಿ. ಬಯಾಸ್‌ನಲ್ಲಿ ವೈರ್‌ಲೆಸ್ ಆಫ್ ಆಗಿದೆಯಾ ಅಂತಲೂ ನೋಡಿ.

ಸ್ವಿಚ್ಚೇ ಇಲ್ಲದ ಯಂತ್ರದಲ್ಲಿ ಹಾರ್ಡ್ ಬ್ಲಾಕ್ ಬರುವುದೂ ಉಂಟು. ಲೆನೊವೊ ಐಡಿಯಾಪ್ಯಾಡ್‌ಗಳಲ್ಲಿ ಹಳೆಯ ಕರ್ನಲ್ (ಲಿನಕ್ಸ್‌ನ ತಿರುಳು) ಇದ್ದರೆ ಇದು ಪದೇ ಪದೇ ಕಾಣುವ ತೊಂದರೆ: 'ಐಡಿಯಾಪ್ಯಾಡ್_ಲ್ಯಾಪ್‌ಟಾಪ್' ಅನ್ನುವ ಮಾಡ್ಯೂಲ್ (ಕರ್ನಲ್‌ಗೆ ಸೇರಿಸುವ, ತೆಗೆಯುವ ಡ್ರೈವರ್ ತುಂಡು), ಇಲ್ಲದ ಸ್ವಿಚ್ಚನ್ನು ಇದೆ ಅಂದುಕೊಂಡು, ಅದು ಆಫ್ ಆಗಿದೆ ಅಂತ ವರದಿ ಮಾಡುತ್ತದೆ. 'ಸುಡೊ ಮಾಡ್‌ಪ್ರೋಬ್ -ಆರ್' ಬಳಸಿ ಆ ಮಾಡ್ಯೂಲ್ ತೆಗೆದು ಮತ್ತೆ ಲಿಸ್ಟ್ ನೋಡಿ. ಬ್ಲಾಕ್ ಹೋಯಿತಾ? ಕಳ್ಳ ಸಿಕ್ಕ. ಶಾಶ್ವತವಾಗಿ ಬ್ಲ್ಯಾಕ್‌ಲಿಸ್ಟ್ (ಬೂಟ್‌ನಲ್ಲಿ ತಾನಾಗಿ ಲೋಡ್ ಆಗದಂತೆ) ಮಾಡಬಹುದು, ಆದರೆ ಆಗ ಕೆಲವು ಎಫ್‌ಎನ್ ಕೀಗಳು, ಬ್ಯಾಟರಿ ಉಳಿಸುವ ಮೋಡ್ ಕೂಡ ಹೋಗುತ್ತವೆ. ಅದಕ್ಕಿಂತ ಕರ್ನಲ್ ಅಪ್‌ಡೇಟ್ ಮಾಡುವುದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಎರಡೂ 'ನೋ' ಇದ್ದು, ವೈಫೈ ಓಡುತ್ತಿದ್ದು, ಕೀ ಮಾತ್ರ ಸತ್ತಿದೆಯೇ? ಒತ್ತಿದ ಕೀಗಳನ್ನು ತೋರಿಸುವ 'ಸುಡೊ ಇವಿಟೆಸ್ಟ್' ಓಡಿಸಿ. ಕೀಬೋರ್ಡ್ ಒಂದನ್ನೇ ನೋಡಿ ಬಿಡಬೇಡಿ, ಈ ಕೀ ಎಷ್ಟೋ ಸಲ 'ಡಬ್ಲ್ಯುಎಂಐ ಹಾಟ್‌ಕೀಸ್' ಥರದ ಬೇರೆ ಸಾಧನದ ಮೂಲಕ ಬರುತ್ತದೆ. ಒತ್ತಿದಾಗ 'ಕೀ_ಆರ್‌ಎಫ್‌ಕಿಲ್' ಅಥವಾ 'ಕೀ_ಡಬ್ಲ್ಯುಲ್ಯಾನ್' ಕಂಡರೆ ಕರ್ನಲ್ ತನ್ನ ಕೆಲಸ ಮಾಡಿದೆ, ಡೆಸ್ಕ್‌ಟಾಪ್ ಸೆಟ್ಟಿಂಗ್‌ಗಳಲ್ಲಿ ಹುಡುಕಿ. ಏನೂ ಕಾಣದಿದ್ದರೆ ಕರ್ನಲ್ ಸಂದೇಶಗಳನ್ನು ತೋರಿಸುವ 'ಸುಡೊ ಡಿಎಂಇಎಸ್‌ಜಿ -ಡಬ್ಲ್ಯು' ಕೊಟ್ಟು ಕೀ ಒತ್ತಿ. 'ಅನ್‌ನೋನ್ ಕೀ' ಅಂತ ಬಂದರೆ ಅದೃಷ್ಟ: ಸ್ಕ್ಯಾನ್‌ಕೋಡ್ (ಕೀಬೋರ್ಡ್ ಆ ಕೀಗೆ ಕಳಿಸುವ ಸಂಕೇತ) ಯಾವುದು, ಅದಕ್ಕೆ ಕೀ ಸಂಖ್ಯೆ ಜೋಡಿಸುವ 'ಸೆಟ್‌ಕೀಕೋಡ್ಸ್' ಹೇಗೆ ಕೊಡಬೇಕು ಅಂತ ಕರ್ನಲ್ಲೇ ಮುಂದಿನ ಸಾಲಲ್ಲಿ ಹೇಳುತ್ತದೆ. ಆರ್‌ಎಫ್‌ಕಿಲ್ ಕೀ ಸಂಖ್ಯೆ 247. ಇದು ರೀಬೂಟ್ ಆದರೆ ಅಳಿಸಿಹೋಗುತ್ತದೆ, ಉಳಿಯಬೇಕಾದರೆ ಸಾಧನಗಳನ್ನು ನೋಡಿಕೊಳ್ಳುವ ಯೂಡೆವ್‌ನ ಎಚ್‌ಡಬ್ಲ್ಯುಡಿಬಿ (ಹಾರ್ಡ್‌ವೇರ್ ಮಾಹಿತಿ) ಫೈಲಿನಲ್ಲಿ ಬರೆಯಿರಿ.

ಇನ್ನೊಂದು ವಿಚಿತ್ರ: ಒಂದು ಸಲ ಒತ್ತಿದರೆ ವೈಫೈ ಆನ್ ಆಗಿ ತಕ್ಷಣ ಆಫ್ ಆಗುವುದು. ಫರ್ಮ್‌ವೇರ್ (ಯಂತ್ರದೊಳಗೇ ಇರುವ ಸಾಫ್ಟ್‌ವೇರ್) ವೈಫೈ ಸ್ಥಿತಿಯನ್ನು ತಾನೇ ಬದಲಿಸಿ, ಕೀಯನ್ನೂ ಡೆಸ್ಕ್‌ಟಾಪ್‌ಗೆ ಕಳಿಸಿದಾಗ ಹೀಗಾಗುತ್ತದೆ. 'ಆರ್‌ಎಫ್‌ಕಿಲ್ ಇವೆಂಟ್' ಓಡಿಸಿಟ್ಟು ಒತ್ತಿದರೆ ಎರಡು ಬದಲಾವಣೆ ಬೆನ್ನು ಬೆನ್ನಿಗೆ ಕಾಣುತ್ತವೆ. ಆಗ ಆ ಕೀಯ ಸ್ಕ್ಯಾನ್‌ಕೋಡ್‌ಗೆ 240 ('ಅನ್‌ನೋನ್' ಕೀ ಸಂಖ್ಯೆ) ಕೊಡಿ. ಡೆಸ್ಕ್‌ಟಾಪ್ ಕೀಯನ್ನು ಬಿಟ್ಟುಬಿಡುತ್ತದೆ, ಫರ್ಮ್‌ವೇರ್ ಒಂದೇ ಬದಲಿಸುತ್ತದೆ.